ಮರ ಮೊದಲು, ಹಿತ್ತಾಳೆ ಆಮೇಲೆ

ಗಾಸ್ಪರೆಯ ಬಲಗೈ ಮೇಜಿನ ಹೊಟ್ಟೆಯೊಳಗೆ ಸಿಕ್ಕಿಹಾಕಿಕೊಂಡಾಗ ಚರ್ಚಿನ ಗಂಟೆ ಎರಡು ಹೊಡೆದು ಮುಗಿದಿತ್ತಷ್ಟೆ. ಟಕ್ ಎಂದು ಒಂದು ಸಣ್ಣ ಸದ್ದು, ಮಣಿಕಟ್ಟಿನ ಮೇಲೆ ತಣ್ಣನೆಯ ಹಿತ್ತಾಳೆ, ಆಮೇಲೆ ನೋವು. ಅವನಿಗೆ ಮೊದಲು ಬಂದದ್ದು ಸಿಟ್ಟು, ಭಯವಲ್ಲ. ಎಪ್ಪತ್ತೈದು ವರ್ಷದ ಬಡಗಿ, ಅರವತ್ತು ವರ್ಷ ಗರಗಸ, ಉಳಿ, ರಂದ ಹಿಡಿದೂ ಹತ್ತು ಬೆರಳನ್ನು ಉಳಿಸಿಕೊಂಡವನು, ಒಂದು ಬರೆಯುವ ಮೇಜಿನ ಕಳ್ಳಗೂಡಿಗೆ ಇಲಿಯ ಹಾಗೆ ಸಿಕ್ಕಿಬೀಳುವುದೆಂದರೇನು! ಜೋರಾಗಿ ಎಳೆದ. ಎಳೆದಾಗ ಒಳಗಿನ ಹಲಗೆ ಇನ್ನೊಂದು ಹಲ್ಲಿನಷ್ಟು ಕೆಳಗಿಳಿದು ಇನ್ನೂ ಬಿಗಿಯಾಗಿ ಕಚ್ಚಿತು.

"ಥೂ, ಫೆರ್ಮೊ!" ಎಂದ.

ಫೆರ್ಮೊ ಅವನ ತಮ್ಮ. ಆ ಹೆಸರು ಅವನ ಬಾಯಿಂದ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಬೈಯುವುದಕ್ಕಾದರೂ ಬಂತಲ್ಲ.

ಆ ಮೇಜಿನ ಮರವೆಲ್ಲ ಗಾಸ್ಪರೆಯದು, ಲೋಹವೆಲ್ಲ ಫೆರ್ಮೊನದು. ಐವತ್ತೊಂದು ವರ್ಷದ ಹಿಂದೆ ಇದೇ ಅಂಗಳದಲ್ಲಿ ಅಣ್ಣತಮ್ಮ ಸೇರಿ ಮಾಡಿದ್ದು. ಆಕ್ರೋಟು ಮರದ ಮೈ, ಕೊಕ್ಕರೆಯ ಕಾಲಿನಂಥ ನಾಲ್ಕು ಸಪೂರ ಹಿತ್ತಾಳೆ ಕಾಲು. ಮುಂದಿನ ಹಲಗೆಯನ್ನು ಕೆಳಗಿಳಿಸಿದರೆ ಅದೇ ಬರೆಯುವ ಜಾಗ. ಅದರ ಹಿಂದೆ ಪುಟ್ಟ ಪುಟ್ಟ ಸೆಳೆಖಾನೆಗಳು. ನಡುವಿನ ಸೆಳೆಖಾನೆಯನ್ನು ಪೂರ್ತಿ ಹೊರಗೆಳೆದರೆ ಅದರ ಹಿಂದೆ ಕಳ್ಳಗೂಡು. ನಕ್ಷೆ ಬರೆದವನು ಮಿಲಾನಿನ ವಾಸ್ತುಶಿಲ್ಪಿ ಸಾರ್ತಿರಾನ. ಮಾಡಿಸಿಕೊಂಡವಳು ಅದೇ ಊರಿನ ಒಬ್ಬ ಹೆಂಗಸು, ಗಂಡ ತನ್ನ ಕಾಗದಪತ್ರ ಕದ್ದು ಓದುತ್ತಾನೆಂದು ರೇಗಿಹೋಗಿದ್ದವಳು. ಆಗ ಇಪ್ಪತ್ತೊಂದು ವರ್ಷದವನಾಗಿದ್ದ ಫೆರ್ಮೊ ಅವಳಿಗೆ ಮಾತು ಕೊಟ್ಟಿದ್ದ: "ಯೋಚ್ನೆ ಮಾಡ್ಬೇಡಿ ಅಮ್ಮಾವ್ರೇ. ನಿಮ್ಮ ಯಜಮಾನ್ರು ಇದಕ್ಕೆ ಕೈ ಹಾಕಿದ್ರೆ, ನೀವು ಬರೋ ತನಕ ಕೈ ಅಲ್ಲೇ ಇರುತ್ತೆ." ಗೂಡಿನ ಬಾಗಿಲನ್ನು ಎತ್ತಲು ಮೇಜಿನ ಅಡಿಯಲ್ಲೊಂದು ಗುಬುಟು. ಅದನ್ನು ಒತ್ತಿ ತಿರುಗಿಸಿದರೆ ಬಾಗಿಲು ಪೂರ್ತಿ ಮೇಲೇರಿ ನಿಲ್ಲುತ್ತದೆ. ತಿರುಗಿಸುವುದು ಗೊತ್ತಿಲ್ಲದವನು ಬರೀ ಒತ್ತಿ, ಅರ್ಧ ಎದ್ದ ಬಾಗಿಲಿಗೆ ಏನಾದರೂ ಆನಿಕೆ ಕೊಟ್ಟು ಕೈ ಹಾಕುತ್ತಾನೆ. ಅಂಥವನಿಗಾಗಿಯೇ ಫೆರ್ಮೊ ಒಳಗೆ ಹಲ್ಲುಗಳನ್ನು ಕೂರಿಸಿದ್ದ.

ಗಾಸ್ಪರೆ ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮಕ್ಕಳಾಟಿಕೆ, ನಾಲ್ಕು ದಿನಕ್ಕೆ ಕೆಟ್ಟುಹೋಗುತ್ತದೆ ಎಂದಿದ್ದ. ಇವತ್ತು ಅವನೇ, ತಿರುಗಿಸಬೇಕೆಂಬುದನ್ನು ಮರೆತು, ಮೊಣಕಾಲಿನಿಂದ ಗುಬುಟನ್ನು ಒತ್ತಿ, ಅರ್ಧ ಎದ್ದ ಬಾಗಿಲಿಗೆ ಒಂದು ಮರದ ಬೆಣೆ ಕೊಟ್ಟು, ಕೈ ತೂರಿಸಿದ್ದ. ಬೆಣೆ ಅಲುಗಿ ಬಿದ್ದಿತ್ತು.

ಅಂದು ಆಗಸ್ಟ್ ಹದಿನೈದು, ಮಾತೆ ಮರಿಯಳ ಹಬ್ಬ. ಮಿಲಾನಿನ ಹತ್ತಿರದ ಲಿಸ್ಸೋನೆಯಲ್ಲಿ ಆಗಸ್ಟ್ ತಿಂಗಳೆಂದರೆ ಗರಗಸದ ಸದ್ದೇ ಇಲ್ಲದ ತಿಂಗಳು. ಮಿಕ್ಕ ಹನ್ನೊಂದು ತಿಂಗಳು ಊರಿಗೆ ಊರೇ ಮೇಜು ಕುರ್ಚಿ ಮಾಡುತ್ತದೆ. ಈ ತಿಂಗಳು ಅಂಗಡಿಗಳಿಗೆ ಬೀಗ ಜಡಿದು ಸಮುದ್ರಕ್ಕೋ ಬೆಟ್ಟಕ್ಕೋ ಹೊರಟುಬಿಡುತ್ತದೆ. ಔಷಧಿಯಂಗಡಿಯವನೂ ಇರುವುದಿಲ್ಲ. ಹಬ್ಬದ ದಿನವಂತೂ ಬೀದಿಯಲ್ಲಿ ಒಂದು ನಾಯಿ ಕಂಡರೆ ಅದೇ ದೊಡ್ಡ ಸಂಗತಿ. ಗಾಸ್ಪರೆಯ ಹೆಂಡತಿ ಇನೆಸ್ ಮಗಳ ಜೊತೆ ಲಿಗೂರಿಯಾದ ಕಡಲತೀರಕ್ಕೆ ಹೋಗಿ ಎಂಟು ದಿನವಾಗಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ್ದಳು: "ಎಪ್ಪತ್ತೈದಾಯ್ತು, ಇನ್ನೂ ಏನ್ರೀ ನಿಮ್ದು ಅರ್ಜೆಂಟು? ಮೇಜಿಗೇನು ಕಾಲಿದ್ಯಾ ಓಡಿಹೋಗೋಕೆ?"

"ಕಾಲಿದೆ. ಹಿತ್ತಾಳೆದು," ಎಂದು ಅವನು ನಗೆಯಾಡಿದ್ದ. ಅವಳು ನಗಲಿಲ್ಲ. ಫ್ರಿಜ್ಜಿನಲ್ಲಿ ತಣ್ಣನೆಯ ಅನ್ನದ ಸಲಾಡ್ ಇದೆ, ಖರ್ಬೂಜ ಇದೆ, ಮಧ್ಯಾಹ್ನ ನೀರು ಕುಡಿಯುವುದನ್ನು ಮರೆಯಬೇಡಿ ಎಂದಷ್ಟೇ ಹೇಳಿ ಹೋದಳು.

ನೀರಿನ ಬಾಟಲಿ ಕೆಲಸದ ಬೆಂಚಿನ ಮೇಲಿತ್ತು. ಫೋನೂ ಅಲ್ಲೇ ಇತ್ತು. ಬೆಂಚು ನಾಲ್ಕು ಹೆಜ್ಜೆ ದೂರ, ಅವನಿಗೆ ಒಂದು ಹೆಜ್ಜೆಯಷ್ಟೂ ಕದಲಲು ಆಗುತ್ತಿರಲಿಲ್ಲ. ಬಲಗೈ ಮೊಣಕೈವರೆಗೂ ಒಳಗೆ. ಎಡಗೈ ಚಾಚಿದರೆ ಮೇಜಿನ ಮಗ್ಗುಲು ಸಿಗುತ್ತದೆ, ಹಿಂಬದಿ ಸಿಗುವುದಿಲ್ಲ. ಗುಬುಟನ್ನು ಒತ್ತಿದ, ತಿರುಗಿಸಿದ, ಕೊನೆಗೆ ಬೈದೂ ನೋಡಿದ. ಹಲ್ಲು ಕಚ್ಚಿದ ಮೇಲೆ ಗುಬುಟು ಕೆಲಸ ಮಾಡದ ಹಾಗೆ ಫೆರ್ಮೊ ಅಂದೇ ಏನೋ ಏರ್ಪಾಟು ಮಾಡಿಟ್ಟಿದ್ದ. ಮೇಜನ್ನೇ ಎಳೆದುಕೊಂಡು ಹೋಗೋಣವೆಂದರೆ ಎರಡಾಳಿನ ಭಾರ. ಎಳೆದರೆ ಮುರಿಯುವುದು ಆ ಸಪೂರ ಕಾಲು. ಅಂಥ ಹೊತ್ತಿನಲ್ಲೂ ಆ ಕಾಲು ಮುರಿದೀತೆಂದು ಅವನ ಜೀವ ಹೊಡೆದುಕೊಂಡಿತು. ನಾಳೆ ಬೆಳಿಗ್ಗೆ ಮೇಜು ಹೋಗಬೇಕು.

ಒಯ್ಯುವವನು ದೊತ್ತೊರ್ ವಿಮೆರ್ಕಾತಿ (ಓದಿದವರನ್ನೆಲ್ಲ ಅಲ್ಲಿ ದೊತ್ತೊರ್ ಎನ್ನುತ್ತಾರೆ), ಮಿಲಾನಿನಲ್ಲಿ ಹಳೆಯ ಪೀಠೋಪಕರಣ ಮಾರುವವನು. ಐವತ್ತು ವರ್ಷದ ಹಿಂದೆ ಜನ ಅಡುಗೆಮನೆ ಬದಲಾಯಿಸಿದಾಗ ಬೀದಿಗೆ ಎಸೆದದ್ದನ್ನೆಲ್ಲ ಈಗ ಇಂಥವರು ಬಿಳಿ ಕೈಗವಸು ತೊಟ್ಟು ಮುಟ್ಟುತ್ತಾರೆ. ಮರದ ಜೊತೆ ಹಿತ್ತಾಳೆ ಸೇರಿದ್ದರಂತೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಮಿಲಾನಿನ ಆ ಮನೆಯಿಂದ ಮೇಜನ್ನು ಕೊಂಡು, ದುರಸ್ತಿಗೆಂದು ಗಾಸ್ಪರೆಯ ಬಳಿ ತಂದಿಟ್ಟಿದ್ದವನೂ ಅವನೇ; ಅದು ಪ್ಯಾರಿಸ್ಸಿನ ಹರಾಜಿಗೆ ಹೋಗುವುದಿತ್ತು. ವಿಮೆರ್ಕಾತಿ ಪೆನ್ನಿನಂಥ ಒಂದು ಕ್ಯಾಮರಾವನ್ನು ಕಳ್ಳಗೂಡಿನ ಸಂದಿಯಲ್ಲಿ ಇಳಿಸಿ ಫೋಟೋ ತೆಗೆದಿದ್ದ. ಹಿಂಬದಿಯ ಹಿತ್ತಾಳೆ ತಗಡಿನ ಬಲತುದಿಯಲ್ಲಿ ಅಚ್ಚು ಹೊಡೆದ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು: ಫೆರ್ಮೊ.

"ಇವ್ನ್ಯಾರು?" ಎಂದು ಕೇಳಿದ್ದ.

"ಒಬ್ಬ ಹಿತ್ತಾಳೆ ಕೆಲಸದವ್ನು," ಎಂದಿದ್ದ ಗಾಸ್ಪರೆ. ತಮ್ಮ ಎನ್ನಲಿಲ್ಲ.

"ದಾಖಲೆಯಲ್ಲಿ ಇಲ್ಲದ ಹೆಸರು ಒಳಗಿದ್ರೆ ಪ್ಯಾರಿಸ್ಸಿನವರು ನೂರು ಪ್ರಶ್ನೆ ಕೇಳ್ತಾರೆ, ಮಾಯೆಸ್ತ್ರೊ. ತೆಗೆದುಬಿಡಿ. ಹರಾಜಿನ ಪುಸ್ತಕದಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ. ಸಾರ್ತಿರಾನರ ನಕ್ಷೆ, ಗಾಸ್ಪರೆ ತೆರ್ರಾನೆಯೊ ಅವರ ಕೈಕೆಲಸ ಅಂತ. ದೊಡ್ಡ ಅಕ್ಷರದಲ್ಲಿ, ಒಂದು ಇಡೀ ಪುಟ."

ಹೆಸರು. ಅರವತ್ತು ವರ್ಷ ಮಾಡಿದ ಕುರ್ಚಿ, ಕಪಾಟು, ಮಂಚಗಳ ಮೇಲೆಲ್ಲ ವಾಸ್ತುಶಿಲ್ಪಿಗಳ ಹೆಸರಿತ್ತು, ಇಲ್ಲವೇ ಅಂಗಡಿಯ ಹೆಸರಿತ್ತು. ಗಾಸ್ಪರೆಯ ಹೆಸರು ಅಚ್ಚಾಗಿದ್ದು ಫೋನಿನ ಡೈರೆಕ್ಟರಿಯಲ್ಲಿ ಮಾತ್ರ. ಈಗ ಪ್ಯಾರಿಸ್ಸಿನ ಪುಸ್ತಕ ಎಂದೊಡನೆ ಬಾಯಲ್ಲಿ ನೀರೂರಿತು. ಅದರ ಮೇಲೆ ಹೊಟ್ಟೆಯುರಿ ಬೇರೆ. ನನ್ನ ಮರದ ಹೊಟ್ಟೆಯಲ್ಲಿ ಕದ್ದು ತನ್ನ ಹೆಸರು ಹೊಡೆದುಕೊಂಡಿದ್ದಾನಲ್ಲ, ಐವತ್ತೊಂದು ವರ್ಷ ನನಗೆ ಹೇಳದೆ! ಅಳಿಸಿದರೆ ಪಾಪವೇನೂ ಇಲ್ಲ. ಹೀಗೆ ತನಗೆ ತಾನೇ ನ್ಯಾಯ ಹೇಳಿಕೊಂಡು ಸಣ್ಣ ಅರ ಹಿಡಿದು ಕೂತಿದ್ದ. ಒಳಗೆ ಕಣ್ಣು ಹಾಯುವುದಿಲ್ಲ. ಬೆರಳಿನ ತುದಿಯಿಂದ ಅಕ್ಷರದ ತಗ್ಗು ಹುಡುಕಿ, ಎಡತುದಿಯಿಂದ ಶುರುಮಾಡಿ ಉಜ್ಜುತ್ತ ಬಂದಿದ್ದ. ಉಜ್ಜಿದಷ್ಟೂ ಹೆಸರು ಮುಗಿಯಲಿಲ್ಲ. ಮನೆತನದ ಹೆಸರನ್ನೂ ಸೇರಿಸಿ ಹೊಡೆದಿರಬೇಕು, ಎಷ್ಟು ಜಂಬ ನೋಡು ಎಂದು ಇನ್ನೂ ಜೋರಾಗಿ ಉಜ್ಜಿದ. ಆಗಲೇ ಬೆಣೆ ಬಿದ್ದದ್ದು.

ಮೂರು ಗಂಟೆಯಾಯಿತು. ಹೆಂಚಿನ ಬಿಸಿ ತಲೆಯ ಮೇಲೆ ಇಳಿಯುತ್ತಿತ್ತು. ಮಣಿಕಟ್ಟು ಊದಿಕೊಂಡು, ಸಡಿಲವಿದ್ದ ಒಂದೆಳೆ ಜಾಗವೂ ಇಲ್ಲವಾಯಿತು. ಬೆರಳುಗಳು ಜುಮ್ಮೆಂದು, ಆಮೇಲೆ ಜುಮ್ಮೆನ್ನುವುದನ್ನೂ ನಿಲ್ಲಿಸಿದವು. ಕೂರಲು ಸ್ಟೂಲನ್ನು ಕಾಲಿನಿಂದ ಎಳೆಯಲು ಹೋಗಿ ಅದು ಉರುಳಿ ದೂರ ಹೋಯಿತು. ನಿಂತೂ ನಿಲ್ಲದೆ, ಕೂತೂ ಕೂರದೆ, ಅರ್ಧ ಬಾಗಿಕೊಂಡು ಇರಬೇಕಾಯಿತು. ಜೊತೆಗೆ ಈ ವಯಸ್ಸಿನ ಗಂಡಸರಿಗೆ ಗಂಟೆಗೊಮ್ಮೆ ಬರುವ ಅವಸರವೂ ಬಂತು. ಅದನ್ನು ಹೇಗೆ ತೀರಿಸಿಕೊಂಡ ಎಂದು ಕೇಳಬೇಡಿ. ಮರದ ಹೊಟ್ಟಿನ ಬುಟ್ಟಿಯೊಂದು ಪಕ್ಕದಲ್ಲಿತ್ತು, ದೇವರು ದೊಡ್ಡವನು.

ಕೂಗಿದ. "ಯಾರಾದ್ರೂ ಇದೀರಾ!" ಅಂಗಳದ ನಾಲ್ಕು ಗೋಡೆಗೂ ತಗುಲಿ ಅವನ ಕೂಗೇ ಅವನಿಗೆ ವಾಪಸು ಬಂತು. ಮೇಲಿನ ಮನೆಯವರು ಬೆಟ್ಟಕ್ಕೆ ಹೋಗಿದ್ದರು. ಮುಂದಿನ ಗೇಟಿಗೆ ಅವನೇ ಒಳಗಿನಿಂದ ಚಿಲಕ ಹಾಕಿದ್ದ, ಯಾರೂ ಬಂದು ನೋಡಬಾರದೆಂದು. ಇನೆಸ್ ರಾತ್ರಿ ಫೋನು ಮಾಡುತ್ತಾಳೆ, ಎತ್ತದಿದ್ದರೆ ಮುದುಕ ಮಲಗಿದನೆಂದು ಸುಮ್ಮನಾಗುತ್ತಾಳೆ. ಬೆಳಗಾದ ಮೇಲೆ ವಿಮೆರ್ಕಾತಿ ಬಂದು ಗೇಟು ಒಡೆಸಿ ನೋಡಿದರೆ ಇಲ್ಲಿ ಏನು ಸಿಕ್ಕೀತು? ಮೇಜು, ಅದಕ್ಕೆ ಜೋತುಬಿದ್ದ ಒಬ್ಬ ಮುದುಕ. ಆಗ ಅವನಿಗೆ ನಿಜವಾದ ಭಯವಾಯಿತು.

ಇಡೀ ಅಂಗಳದಲ್ಲಿ ಉಳಿದಿದ್ದವನು ಒಬ್ಬನೇ. ಗೋಡೆಯ ಆಚೆ ಬದಿಯಲ್ಲಿ, ಹಿಂದೆ ಲೋಹದ ಕೆಲಸದ ಮನೆಯಾಗಿದ್ದಲ್ಲಿ, ಫೆರ್ಮೊ ಇದ್ದ. ಹೆಂಡತಿ ತೀರಿಕೊಂಡ ಮೇಲೆ ಅವನು ಆಗಸ್ಟಿನಲ್ಲಿ ಎಲ್ಲಿಗೂ ಹೋಗುತ್ತಿರಲಿಲ್ಲ. ಟೊಮೆಟೊ ಗಿಡಕ್ಕೆ ನೀರು ಹಾಕಿಕೊಂಡು ಇರುತ್ತಿದ್ದ. ಕೂಗಿದರೆ ಅವನಿಗೆ ಕೇಳಿಸುವುದಿಲ್ಲ. ಐವತ್ತು ವರ್ಷ ಹಿತ್ತಾಳೆ ಬಡಿದು ಬಡಿದು ಕಿವಿ ಕಳೆದುಕೊಂಡವನು. ಕಿವಿಯಂತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕೇಳಬೇಕೆನಿಸಿದಾಗ ಮಾತ್ರ ಹಾಕಿಕೊಳ್ಳುವವನು.

ಅವನನ್ನು ಕರೆಯುವ ಒಂದು ದಾರಿ ಮಾತ್ರ ಗಾಸ್ಪರೆಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಗಂಟೆಯಿಂದ ಅದರ ಕಡೆ ನೋಡದೆ ನಿಂತಿದ್ದ.

ಗೋಡೆಯ ನಡುವೆ, ಅರ್ಧ ಈ ಕಡೆಗೆ ಅರ್ಧ ಆ ಕಡೆಗೆ, ಒಂದು ಎರಕದ ಕಬ್ಬಿಣದ ಕಂಬವಿತ್ತು. ಅಪ್ಪನ ಕಾಲದಲ್ಲಿ ಮಾತಿಗೆ ಬದಲು ಆ ಕಂಬವನ್ನೇ ಬಡಿಯುತ್ತಿದ್ದರು. ಈ ಕಡೆಯಿಂದ ಮೂರು ಬಡಿತವೆಂದರೆ ಮರ ಸಿದ್ಧವಾಗಿದೆ, ನಿನ್ನ ಹಿತ್ತಾಳೆ ತೆಗೆದುಕೊಂಡು ಬಾ ಎಂದರ್ಥ. ಮರ ಮೊದಲು, ಹಿತ್ತಾಳೆ ಆಮೇಲೆ, ಎನ್ನುತ್ತಿದ್ದ ಅಪ್ಪ; ಮರ ಉಸಿರಾಡುತ್ತದೆ, ಅದು ಎಷ್ಟು ಹಿಗ್ಗುತ್ತದೆ ಎಷ್ಟು ಕುಗ್ಗುತ್ತದೆ ಎಂದು ನೋಡಿಕೊಂಡು ಲೋಹ ಅದಕ್ಕೆ ಜಾಗ ಬಿಡಬೇಕು. ಅದಕ್ಕೇ ಫೆರ್ಮೊ ಕಬ್ಬಿಣದ ಚೌಕಟ್ಟಿನಲ್ಲಿ ಸ್ಕ್ರೂಗೆ ದುಂಡು ತೂತು ಕೊರೆಯುತ್ತಿರಲಿಲ್ಲ, ಉದ್ದ ತೂತು ಕೊರೆಯುತ್ತಿದ್ದ. ಮರ ಹಿಗ್ಗಿದಾಗ ಸ್ಕ್ರೂ ಅದರಲ್ಲಿ ಸರಿದುಕೊಳ್ಳುತ್ತಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ಸ್ವಿಟ್ಜರ್ಲೆಂಡಿನ ಒಂದು ಹೋಟೆಲಿಗೆ ಹನ್ನೆರಡು ಊಟದ ಮೇಜು ಕಳಿಸಿದ್ದರು. ಅದೂ ಆಗಸ್ಟ್ ರಜೆಗೆ ಮುಂಚಿನ ವಾರ, ಊರಿಗೆ ಊರೇ ತಲೆಕೆಟ್ಟು ಓಡುವ ವಾರ. ಮೇಲ್ಹಲಗೆಗಳು ಚೌಕಟ್ಟಿನ ಮೇಲೆ ಒಂಚೂರು ಅಲುಗುತ್ತಿದ್ದವು. ಅಲುಗಲೇಬೇಕು, ಅದಕ್ಕೇ ಉದ್ದ ತೂತು ಇರುವುದು. ಆದರೆ ಕಳಿಸುವ ಮುನ್ನ ನೋಡಲು ಬಂದ ಗ್ರಾಹಕ ಎದುರಿಗೆ ನಿಂತು ಮೇಜನ್ನು ಅಲ್ಲಾಡಿಸಿ ಮೂಗು ಮುರಿದ. ಗಾಸ್ಪರೆಗೆ ಅವಮಾನವಾಯಿತು. ಸಂಜೆ ಫೆರ್ಮೊ ಮನೆಗೆ ಹೋದ ಮೇಲೆ ಹನ್ನೆರಡು ಹಲಗೆಗೂ ಅಡಿಯಲ್ಲಿ ಗೋಂದು ಬಳಿದು ಕಬ್ಬಿಣಕ್ಕೆ ಅಂಟಿಸಿಬಿಟ್ಟ. ಚಳಿಗಾಲದಲ್ಲಿ ಹೋಟೆಲಿನವರು ಒಲೆ ಹೊತ್ತಿಸಿದರು, ಮರ ಕುಗ್ಗಲು ಹೋಯಿತು, ಗೋಂದು ಬಿಡಲಿಲ್ಲ, ಹನ್ನೆರಡೂ ಹಲಗೆ ನಡುವೆ ಸೀಳಿದವು. ಗ್ರಾಹಕ ಅಂಗಳಕ್ಕೆ ಬಂದು ಕೂಗಾಡಿದಾಗ, ಎಲ್ಲರ ಎದುರಿಗೆ, ಗಾಸ್ಪರೆ ತಮ್ಮನ ಕಡೆ ಕೈ ತೋರಿಸಿ ಹೇಳಿದ್ದ: "ನನ್ನ ಮರಕ್ಕೇನೂ ಆಗಿರ್ಲಿಲ್ಲ. ಇವ್ನ ಕಬ್ಬಿಣ ನನ್ನ ಮರಾನ ಮುರೀತು."

ಗ್ರಾಹಕ ತಂದಿದ್ದ ಸೀಳು ಹಲಗೆಯ ಅಡಿಯನ್ನು ಫೆರ್ಮೊ ಒಮ್ಮೆ ಬೆರಳಿನಿಂದ ಸವರಿ, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಹೋದ. ಆಮೇಲೆ ಅವನಿಗೆ ಒಳ್ಳೆಯ ಕೆಲಸ ಕೊಡುವವರು ಯಾರೂ ಬರಲಿಲ್ಲ. ಗೋಂದಿನ ವಿಷಯ ಗಾಸ್ಪರೆ ಹೆಂಡತಿಗೂ ಹೇಳಲಿಲ್ಲ, ಚರ್ಚಿನಲ್ಲಿ ಪಾದ್ರಿಗೂ ಹೇಳಲಿಲ್ಲ. ಹೇಳದೆ ಬಿಟ್ಟದ್ದು ಒಳಗೇ ಕೂತು ದಿನಾ ಕಡಿಯುತ್ತಿತ್ತು. ತಪ್ಪು ಮಾಡಿದವನೇ ಮುಖ ತಿರುಗಿಸಿಕೊಂಡು ಓಡಾಡುವುದು ಎಂಥ ಶಿಕ್ಷೆ ಎಂದು ಅವನನ್ನು ಕೇಳಬೇಕು.

ನಾಲ್ಕು ಗಂಟೆ ಹೊಡೆಯಿತು. ಕಣ್ಣು ಕತ್ತಲಿಟ್ಟಿತು. ಕಂಬ ಎಡಗೈಗೆ ಸಿಗುತ್ತಿತ್ತು. ಕರೆದರೆ ಬರುತ್ತಾನೋ ಇಲ್ಲವೋ, ಬಂದರೆ ಗೂಡು ತೆರೆಯಬೇಕು, ತೆರೆದರೆ ನೋಡುತ್ತಾನೆ. ಕೈ ಬೇಕೋ ಮಾನ ಬೇಕೋ ಎಂದು ಕೇಳಿಕೊಂಡ. ಕೊನೆಗೆ ಎಡಗಾಲಿನ ಮರದ ಚಪ್ಪಲಿಯನ್ನು ಬಿಚ್ಚಿ ಕೈಗೆ ತೆಗೆದುಕೊಂಡ. ಟಣ್, ಟಣ್, ಟಣ್.

ಏನೂ ಆಗಲಿಲ್ಲ. ಇನ್ನೊಮ್ಮೆ ಮೂರು. ಮತ್ತೊಮ್ಮೆ ಮೂರು. ಚಪ್ಪಲಿಯ ಪಟ್ಟಿ ಹರಿಯಿತು. ಅಷ್ಟರಲ್ಲಿ ಅಂಗಳದ ಒಳಬಾಗಿಲು ಕಿರ್ ಎಂದಿತು.

ಫೆರ್ಮೊ ಬನಿಯನ್ನಿನ ಮೇಲೊಂದು ಅಂಗಿ ಹಾಕಿಕೊಂಡು, ಒಂದು ಕೈಯಲ್ಲಿ ಕಾಫಿ ಚಮಚ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕಣ್ಣು ಅಣ್ಣನ ಮೇಲೆ, ಮೇಜಿನ ಮೇಲೆ, ಉರುಳಿದ ಸ್ಟೂಲಿನ ಮೇಲೆ ಒಂದು ಸುತ್ತು ಹೋಗಿಬಂತು. ನಿಧಾನವಾಗಿ ಜೇಬಿನಿಂದ ಕಿವಿಯಂತ್ರ ತೆಗೆದು ಸಿಕ್ಕಿಸಿಕೊಂಡ.

"ಕಪ್ಪಿನಲ್ಲಿ ಚಮಚ ಕುಣೀತು," ಎಂದ. "ಭೂಕಂಪ ಅಂದ್ಕೊಂಡೆ. ನೋಡಿದ್ರೆ ಗಾಸ್ಪರೆಯವರು ಕರೆಸ್ತಾ ಇದಾರೆ. ಏನಪ್ಪಣೆ, ಸ್ವಾಮಿ?"

"ಕೈ ಸಿಕ್ಕೊಂಡಿದೆ."

"ಎಲ್ಲಿ?"

"ಕಾಣ್ತಿಲ್ವೇನೋ ಕಣ್ಣಿಗೆ? ನಿನ್ನ ಹಾಳು ಬೋನಲ್ಲಿ!"

ಫೆರ್ಮೊ ಹತ್ತಿರ ಬಂದು ಬಗ್ಗಿ ನೋಡಿದ. ಅವನ ಮುಖ ಇಷ್ಟಗಲವಾಯಿತು. "ಅಯ್ಯಯ್ಯೋ, ಹಿಡಿದುಬಿಡ್ತಲ್ರೀ! ಐವತ್ತೊಂದು ವರ್ಷ! ಆ ಅಮ್ಮಾವ್ರ ಯಜಮಾನ್ರು ಸಿಕ್ಕಿಬಿದ್ರೋ ಇಲ್ವೋ ಅಂತ ನಾನು ಎಷ್ಟು ವರ್ಷ ಯೋಚ್ನೆ ಮಾಡಿದೀನಿ ಗೊತ್ತಾ? ನಾಲ್ಕು ದಿನಕ್ಕೆ ಕೆಟ್ಟೋಗುತ್ತೆ ಅಂದವ್ರು ಯಾರೋ ಇದ್ರು, ಹೆಸ್ರು ಮರೆತೋಯ್ತು."

"ನಗ್ಬೇಡ. ಬಿಡಿಸು."

"ತಾವು ಒಳಗೆ ಏನ್ ಮಾಡ್ತಿದ್ರಿ?"

"ಧೂಳು ಒರೆಸ್ತಿದ್ದೆ."

ಫೆರ್ಮೊನ ಕಣ್ಣು ಅಣ್ಣನ ತೋಳಿನ ಮೇಲೆ ನಿಂತಿತು. ಮೊಣಕೈವರೆಗೂ ಮಡಚಿದ್ದ ಅಂಗಿಯ ಮಡಿಕೆಯಲ್ಲಿ ಹಳದಿ ಪುಡಿ ಮಿನುಗುತ್ತಿತ್ತು. ಬೆರಳಿಗೆ ಒಂಚೂರು ಹಚ್ಚಿಕೊಂಡು ಬೆಳಕಿಗೆ ಹಿಡಿದ. ಜೀವನವೆಲ್ಲ ಆ ಪುಡಿಯನ್ನು ಉಸಿರಾಡಿದವನಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಧೂಳು," ಎಂದ. ನಗೆ ಹೋಗಿತ್ತು.

ಬಾಗಿದ ಬೆನ್ನು, ಒಂದು ಕಾಲಿಗೆ ಮಾತ್ರ ಚಪ್ಪಲಿ, ಗಾಸ್ಪರೆ ಮೇಜಿಗೆ ಕಟ್ಟಿಹಾಕಿದ ಮೂಕಪ್ರಾಣಿಯ ಹಾಗೆ ತಲೆ ತಗ್ಗಿಸಿ ನಿಂತ. ಫೆರ್ಮೊ ಈಗ ಹೊರಟುಹೋಗಬಹುದಿತ್ತು. ಹೋದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವನು ಮೊದಲು ನೀರಿನ ಬಾಟಲಿ ತಂದು ಅಣ್ಣನ ಬಾಯಿಗೆ ಹಿಡಿದ. ಅವನು ಗಟಗಟ ಕುಡಿಯುವವರೆಗೂ ಹಿಡಿದುಕೊಂಡೇ ಇದ್ದ. ಆಮೇಲೆ ಬೆಂಚಿನಿಂದ ಒಂದು ತೆಳು ತಂತಿ ತೆಗೆದುಕೊಂಡು ಮೇಜಿನ ಹಿಂದೆ ಹೋಗಿ ಮಂಡಿಯೂರಿದ. ಹಿಂಗಾಲಿನ ಹಿತ್ತಾಳೆ ಬಳೆಯನ್ನು ತಿರುಗಿಸಿದಾಗ ಅದರಡಿಯಲ್ಲಿ ಸೂಜಿ ಹೋಗುವಷ್ಟು ತೂತು ಕಂಡಿತು.

"ಕೈ ಸಡಿಲ ಬಿಡಿ. ಎಳೀಬೇಡಿ. ಹುಟ್ಟಿದಾಗಿಂದ ಎಳ್ದಿದ್ದೇ ಆಯ್ತು."

ತಂತಿ ಒಳಗೆ ಹೋಯಿತು. ಟಕ್. ಬಾಗಿಲು ಮೆಲ್ಲಗೆ ಪೂರ್ತಿ ಮೇಲೆದ್ದಿತು, ನಿನ್ನೆ ಎಣ್ಣೆ ಹಾಕಿದಷ್ಟು ಸಲೀಸಾಗಿ. ಗಾಸ್ಪರೆಯ ಕೈ ಹೊರಗೆ ಬಂತು, ಕೈಯ ಹಿಂದೆಯೇ ಅರವೂ ಟಣ್ಣೆಂದು ಕೆಳಗೆ ಬಿತ್ತು. ಬೆರಳುಗಳು ಇಷ್ಟು ಹೊತ್ತೂ ಅದನ್ನು ಬಿಟ್ಟಿರಲಿಲ್ಲ.

ಫೆರ್ಮೊ ಅರವನ್ನು ಎತ್ತಿಕೊಳ್ಳಲಿಲ್ಲ. ಟಾರ್ಚು ಹಿಡಿದು ಗೂಡಿನೊಳಗೆ ನೋಡಿದ.

"ಅವತ್ತು ಎಲ್ಲರ ಮುಂದೆ ನನ್ನ ಹೆಸ್ರು ಅಳಿಸ್ದೆ," ಎಂದ. 'ತಾವು' ಹೋಗಿ 'ನೀನು' ಬಂದಿತ್ತು. "ಇವತ್ತು ಯಾರೂ ಇಲ್ದಾಗ ಅಳಿಸೋಕೆ ಬಂದೆ. ಆದ್ರೆ ನೋಡಿಲ್ಲಿ, ಗೂಬೆ. ಬಗ್ಗಿ ನೋಡು."

ಗಾಸ್ಪರೆ ಬಗ್ಗಿದ. ಟಾರ್ಚಿನ ಬೆಳಕಿನಲ್ಲಿ ಹಿತ್ತಾಳೆಯ ತಗಡು ಕಂಡಿತು. ಬಲತುದಿಯಲ್ಲಿ ಫೆರ್ಮೊ ಎಂಬ ಹೆಸರು ಒಂದು ಗೀರೂ ಬೀಳದೆ ಹಾಗೇ ಇತ್ತು. ಅದರ ಎಡಕ್ಕೆ, ಉಜ್ಜಿ ಉಜ್ಜಿ ಬೆಳ್ಳಗಾದ ಜಾಗ. ಆ ಜಾಗದ ಕೊನೆಯಲ್ಲಿ ಉಳಿದಿದ್ದು ಒಂದೇ ಅಕ್ಷರ. ಅದು ತಮ್ಮನ ಹೆಸರಿನದಾಗಿರಲಿಲ್ಲ. ಗಾಸ್ಪರೆಯ ಹೆಸರಿನ ಕೊನೆಯ ಅಕ್ಷರವಾಗಿತ್ತು.

"ಎರಡೂ ಹೊಡೆದಿದ್ದೆ," ಎಂದ ಫೆರ್ಮೊ. "ನಿನ್ನದು ಮೊದಲು, ನನ್ನದು ಆಮೇಲೆ. ಅಪ್ಪ ಹೇಳ್ತಿರ್ಲಿಲ್ವಾ, ಮರ ಮೊದಲು ಅಂತ. ಮರದ ಮೇಲೆ ಪೆನ್ಸಿಲಲ್ಲಿ ಬರೆದ್ರೆ ಮಾಸಿಹೋಗುತ್ತೆ, ಹಿತ್ತಾಳೆ ಮೇಲಾದ್ರೆ ನಿಲ್ಲುತ್ತೆ ಅಂದ್ಕೊಂಡೆ. ಯಾವತ್ತೋ ಒಂದಿನ ಯಾರಾದ್ರೂ ತೆಗೆದು ನೋಡ್ತಾರೆ, ಇಬ್ರೂ ಇದ್ರು ಅಂತ ಗೊತ್ತಾಗುತ್ತೆ ಅಂತ."

ಗಾಸ್ಪರೆ ಬೆಂಚಿಗೆ ಒರಗಿ ಕುಸಿದ. ಅಳು ಬಂತು. ಎಪ್ಪತ್ತೈದರ ಗಂಡಸು ಕೈನೋವಿಗೆ ಅಳುತ್ತಿದ್ದಾನೆಂದು ನೋಡುವವರು ತಿಳಿಯಲಿ ಎಂದು ಮಣಿಕಟ್ಟನ್ನು ಹಿಡಿದುಕೊಂಡ. ಅದು ಕೈನೋವಾಗಿರಲಿಲ್ಲ. ತನ್ನ ಹೆಸರು ಪುಸ್ತಕದಲ್ಲಿ ಬರಲೆಂದು ಆಸೆಪಟ್ಟು, ಅದು ನಿಜವಾಗಿ ಇದ್ದ ಒಂದೇ ಜಾಗದಿಂದ ತನ್ನ ಕೈಯಾರೆ ಉಜ್ಜಿಹಾಕಿದ್ದ.

ಫೆರ್ಮೊ ನಲ್ಲಿಯಲ್ಲಿ ಬಟ್ಟೆ ಒದ್ದೆ ಮಾಡಿ ತಂದು ಅಣ್ಣನ ಮಣಿಕಟ್ಟಿಗೆ ಸುತ್ತಿದ. "ಮೂಳೆ ಸರಿಯಿದೆ. ಬೆರಳಾಡಿಸು. ಹಾಂ." ಆಮೇಲೆ ಕಿವಿಯಂತ್ರ ತೆಗೆದು ಜೇಬಿಗೆ ಹಾಕಿಕೊಂಡು, ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆದ.

"ಗೋಂದು ಬಳಿದಿದ್ದು ನಾನು ಕಣೋ," ಎಂದ ಗಾಸ್ಪರೆ ಆ ಬೆನ್ನಿಗೆ. "ಆ ಹನ್ನೆರಡು ಮೇಜಿಗೆ. ನಿನ್ನ ತೂತು ಸರಿಯಾಗೇ ಇತ್ತು. ಗೋಂದು ನಂದು."

ಬೆನ್ನು ನಿಲ್ಲಲಿಲ್ಲ. ಬಾಗಿಲು ಕಿರ್ ಎಂದು ಮುಚ್ಚಿಕೊಂಡಿತು. ಹತ್ತೊಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಕೊನೆಗೂ ಬಾಯಿ ಬಿಟ್ಟದ್ದು ಕಿವಿ ಕಳಚಿಟ್ಟವನ ಹಿಂದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ವಿಮೆರ್ಕಾತಿಯ ವ್ಯಾನು ಗೇಟಿನ ಮುಂದೆ ನಿಂತಿತು. ನಾರುಬಟ್ಟೆಯ ಸೂಟು, ಬಿಳಿ ಕೈಗವಸು. ಮೇಜನ್ನು ಸುತ್ತು ಹಾಕಿ ನೋಡಿ, "ಅದ್ಭುತ, ಮಾಯೆಸ್ತ್ರೊ," ಎಂದ. "ಒಳಗಿನದು ತೆಗೆದ್ರಾ?"

"ತೆಗೆದೆ. ತಪ್ಪಾದದ್ದನ್ನ ತೆಗೆದೆ."

"ಅಂದ್ರೆ?"

"ಮೇಜು ಇನ್ನೂ ಸಿದ್ಧವಾಗಿಲ್ಲ, ದೊತ್ತೊರೆ. ಹಿತ್ತಾಳೆ ಕೆಲಸ ಬಾಕಿ ಇದೆ. ಒಳಗೆ ಎರಡು ಹೆಸ್ರು ಇರ್ಬೇಕು, ಈಗ ಒಂದೇ ಇದೆ. ಎರಡೂ ಕೂತ ಮೇಲೆ ಒಯ್ಯಬಹುದು. ಇಲ್ಲ, ಬೇಡ ಅಂದ್ರೆ ಇಲ್ಲೇ ಇರ್ಲಿ."

ವಿಮೆರ್ಕಾತಿಯ ಹುಬ್ಬು ಮೇಲೇರಿತು. "ಪ್ಯಾರಿಸ್ಸಿನ ಪುಸ್ತಕ ಮರೆತುಬಿಟ್ರಾ? ಆ ಹೆಸರು ಒಳಗಿದ್ರೆ ನಿಮ್ಮ ಪುಟ ಇಲ್ಲ."

"ಪುಟ ಬೇಡ," ಎಂದ ಗಾಸ್ಪರೆ. ಆ ಆಸೆ ಒಂದು ರಾತ್ರಿಗೆಲ್ಲ ಸಾಯುವಂಥದಲ್ಲ. ಆದರೂ ಹೇಳಿದ. "ನೀವು ಆ ಪುಸ್ತಕದಲ್ಲಿ ಬೇಕಾದ್ರೆ ನಮ್ಮಿಬ್ಬರನ್ನೂ ಬಿಟ್ಬಿಡಿ."

"ಆಗಸ್ಟ್ ಹದಿನಾರಕ್ಕೆ ನಿಮಗೆ ಹಿತ್ತಾಳೆ ಕೆಲಸದವನು ಎಲ್ಲಿ ಸಿಗ್ತಾನೆ? ಇಡೀ ಊರಲ್ಲಿ ಒಂದು ಕಾಫಿ ಸಿಗ್ಲಿಲ್ಲ ನನಗೆ."

"ಇದಾನೆ. ಗೋಡೆ ಆಚೆ. ನನ್ನ ತಮ್ಮ."

ಪಟ್ಟಿ ಹರಿದ ಚಪ್ಪಲಿಯನ್ನು ಎಡಗೈಗೆ ತೆಗೆದುಕೊಂಡು ಗಾಸ್ಪರೆ ಕಂಬದ ಹತ್ತಿರ ಹೋದ. ಟಣ್, ಟಣ್, ಟಣ್. ವಿಮೆರ್ಕಾತಿ ಬಾಯಿ ತೆರೆದುಕೊಂಡು ನೋಡಿದ. ಆಚೆಯಿಂದ ಏನೂ ಕೇಳಿಸಲಿಲ್ಲ. ಗಾಸ್ಪರೆಯ ಎದೆ ಆ ಕಂಬದಷ್ಟೇ ಜೋರಾಗಿ ಹೊಡೆದುಕೊಂಡಿತು. ನಿನ್ನೆ ಕೈ ಸಿಕ್ಕಿಕೊಂಡಾಗಲೂ ಇಷ್ಟು ಹೆದರಿರಲಿಲ್ಲ. ಇನ್ನೊಮ್ಮೆ ಬಡಿಯಲು ಚಪ್ಪಲಿ ಎತ್ತಿದ.

ಅಷ್ಟರಲ್ಲಿ ಗೋಡೆಯ ಆಚೆಯಿಂದ, ಇಡೀ ಖಾಲಿ ಊರಿಗೆ ಕೇಳಿಸುವ ಹಾಗೆ, ಕಿವುಡರು ಕೂಗುವಂತೆ ಫೆರ್ಮೊ ಕೂಗಿದ:

"ಬಂದೆ ಕಣಣ್ಣಾ, ಬಂದೆ! ಅಚ್ಚು ಹುಡುಕ್ತಾ ಇದೀನಿ! ನೀನು ಮಾತ್ರ ಆ ಗೋ‍ಂದಿನ ಡಬ್ಬಿ ಮುಟ್ಟಬೇಡ!"